ಮುರಿದ ಕಾಲಿಗೊಂದು ವಿಮೆ

ಕೆಬಿರುಂಗಿಯ ಕಾಲು ಮುರಿದದ್ದು ಆಲೂಗಡ್ಡೆ ಕೀಳುವ ಕಾಲದಲ್ಲಿ. ಬೆಳಗಿನ ಮಂಜಿಗೆ ನೆನೆದು ಮೆತ್ತಗಾಗಿದ್ದ ಮೆಟ್ಟಿಲು ಹೊಲದ ಅಂಚು ಕುಸಿದು, ತಲೆಯ ಮೇಲಿನ ಮೂಟೆ ಸಮೇತ ಅವಳು ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಬಿದ್ದಳು. ಮೂಟೆಗೆ ಏನೂ ಆಗಲಿಲ್ಲ. ಅವಳ ಬಲಗಾಲಿನಲ್ಲಿ ಮೊಣಕಾಲ ಕೆಳಗಿನ ಎಲುಬು ಎರಡಾಯಿತು, ಮೇಲಿನ ಚರ್ಮ ಒಂದು ಗೇಣು ಕಿತ್ತುಬಂತು.

ರುಕೊರೆ ಗುಡ್ಡದಲ್ಲಿ ಕೆಬಿರುಂಗಿಯಷ್ಟು ಮೈಕೈ ತುಂಬಿಕೊಂಡ ಹೆಂಗಸು ಇನ್ನೊಬ್ಬಳಿಲ್ಲ. ಐವತ್ತೆರಡು ವರ್ಷ. ಗುದ್ದಲಿ ಹಿಡಿದರೆ ಇಬ್ಬರು ಗಂಡಸರ ಕೆಲಸ, ಊಟಕ್ಕೆ ಕೂತರೂ ಇಬ್ಬರು ಗಂಡಸರ ಊಟ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವನು ಬಿಟ್ಟುಹೋದದ್ದು ಹನ್ನೊಂದು ಪಟ್ಟಿ ಹೊಲ ಮತ್ತು ಕ್ಯಾರಿಸೀಮ ಎಂಬ ಕಿರಿಯ ಸವತಿ. ಸವತಿಯರಿಬ್ಬರೂ ದಿನಾ ಜಗಳವಾಡುತ್ತ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಿದ್ದರು.

ಕೆಬಿರುಂಗಿ ಕೂಗಿದ ಕೂಗಿಗೆ ಕ್ಯಾರಿಸೀಮ ಓಡಿ ಹೋಗಿ ಕೊಂಬು ಊದಿಸಿದಳು. ಕೊಂಬು ಕೇಳಿದರೆ ಸರದಿಯಲ್ಲಿರುವ ಎಂಟು ಗಂಡಸರು ಕೈಲಿದ್ದದ್ದನ್ನು ಬಿಸಾಕಿ ಬರಬೇಕು. ಬಿದಿರು ಹೆಣೆದ ಆಳುದ್ದದ ಬುಟ್ಟಿ, ಎರಡು ಬದಿಗೆ ಗಳ, ಅದೇ ಎಂಗೋಜಿ. ನಾಲ್ವರು ಹೊರಬೇಕು, ನಾಲ್ವರು ಜೊತೆಗೆ ಓಡಬೇಕು, ದಣಿದಾಗ ಹೆಗಲು ಬದಲಾಯಿಸಬೇಕು. ಮೋಟಾರು ಬೈಕು ಗುಡ್ಡದ ಬುಡದವರೆಗೆ ಬರುತ್ತದೆ, ನಿಜ. ಆದರೆ ಮುರಿದ ಕಾಲು ಚಾಚಿಕೊಂಡು ಬೈಕಿನ ಮೇಲೆ ಕೂರುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ಬುಟ್ಟಿಯನ್ನು ಹೊರುವ ನಲವತ್ತೆಂಟು ಮನೆಗಳ ಸಂಘಕ್ಕೂ ಎಂಗೋಜಿ ಎಂದೇ ಹೆಸರು. ಸರದಿ ತಪ್ಪಿಸಿದವನು ಒಂದು ಮಡಕೆ ಜೋಳದ ಹೆಂಡ ದಂಡ ಕೊಡಬೇಕು. ಎರಡನೇ ಸಲ ತಪ್ಪಿಸಿದರೆ ಅವನು ಸತ್ತಾಗ ಹೆಗಲು ಕೊಡುವವರಿಲ್ಲ. ಇದುವರೆಗೆ ಎರಡನೇ ಸಲ ತಪ್ಪಿಸುವ ಧೈರ್ಯ ಯಾವ ಗಂಡಸಿಗೂ ಬಂದಿಲ್ಲ.

ಕಣಿವೆಯ ಮಿಷನ್ ಆಸ್ಪತ್ರೆಗೆ ಇಳಿಯಲು ಎರಡು ಗಂಟೆ. ಅಲ್ಲಿ ಕಾಲಿಗೆ ದಬ್ಬೆ ಕಟ್ಟಿ, ಗಾಯ ತೊಳೆದು, ಡಾಕ್ಟರು ಇದ್ದದ್ದನ್ನು ಇದ್ದಂತೆ ಹೇಳಿದರು. ಒಳಗೆ ಕಬ್ಬಿಣದ ಸರಳು ಕೂರಿಸಬೇಕು. ಮೂಳೆಯ ಡಾಕ್ಟರು ಪಟ್ಟಣದಿಂದ ಬರುವುದು ತಿಂಗಳಿಗೊಮ್ಮೆ, ಮುಂದಿನ ತಿಂಗಳ ಒಂದನೇ ತಾರೀಕಿಗೆ. ಅದು ತಪ್ಪಿದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಆಮೇಲೆ ಕೋಲಿಲ್ಲದೆ ನಡೆಯುವ ಹಾಗಿಲ್ಲ. ಅಲ್ಲಿಯವರೆಗೆ ಮೂರು ದಿನಕ್ಕೊಮ್ಮೆ ಬಂದು ಗಾಯ ತೊಳೆಸಿಕೊಂಡು ಹೋಗಬೇಕು.

"ಹೊಲಕ್ಕೆ ಹತ್ತೋಕೆ ಆಗಲ್ವಾ?" ಎಂದು ಕೇಳಿದಳು ಕೆಬಿರುಂಗಿ.

"ಹೊಲದ ಮಾತು ಬಿಡಿ ತಾಯಿ. ಅಂಗಳ ದಾಟಿದ್ರೆ ಪುಣ್ಯ."

ಆಪರೇಷನ್ನಿಗೆ ಎರಡು ಹಸುವಿನ ಬೆಲೆ. ಅವಳ ಹಟ್ಟಿಯಲ್ಲಿದ್ದದ್ದು ಒಂದು ಮುದಿ ಮೇಕೆ. ಆದರೂ ಅವಳಿಗೆ ಒಂದು ಉಪಾಯ ಹೊಳೆಯಿತು. ಎಂಗೋಜಿಯನ್ನು ಹಾಗೇ ಆಸ್ಪತ್ರೆಯ ವಿಮೆಯ ಕಿಟಕಿಯ ಮುಂದೆ ಇಳಿಸಲು ಹೇಳಿದಳು. ಕಿಟಕಿಯ ಒಳಗೆ ಕರುಹಿಜೆ ಎಂಬ ಗುಮಾಸ್ತ ಬುಶೇರ ಎಂಬ ಜೋಳದ ಗಂಜಿ ಕುಡಿಯುತ್ತ ಕೂತಿದ್ದ.

"ಅಪ್ಪಾ, ನಂಗೊಂದು ವಿಮೆ ಕೊಡು," ಎಂದಳು, ಅಂಗಡಿಯಲ್ಲಿ ಉಪ್ಪು ಕೇಳಿದ ಹಾಗೆ.

ಕರುಹಿಜೆ ಲೋಟ ಕೆಳಗಿಟ್ಟು, ಎದ್ದು ಕಿಟಕಿಯಿಂದ ಬಗ್ಗಿ ಕಾಲು ನೋಡಿದ. "ತಾಯಿ, ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಬಂದಿದ್ದೀರಲ್ಲ."

"ಬೆಂಕಿ ಬೀಳೋ ಮುಂಚೆ ನೀರಿನ ಯೋಚನೆ ಯಾರಿಗಪ್ಪಾ ಬರುತ್ತೆ? ಬರ್ಕೋ ಹೆಸರು."

"ಬರ್ಕೊಳೋ ಹಾಗಿಲ್ಲ. ಕಾಲು ಮುರ್ಕೊಂಡು ಒಬ್ಬೊಬ್ಬರೇ ಬಂದು ವಿಮೆ ತಗೊಂಡ್ರೆ ಆಸ್ಪತ್ರೆ ಬಾಗಿಲು ಮುಚ್ಚಬೇಕಾಗುತ್ತೆ. ನಾವು ಎಂಗೋಜಿ ಸಂಘಕ್ಕೆ ಮಾತ್ರ ಕೊಡೋದು. ನಾಲ್ಕರಲ್ಲಿ ಮೂರು ಮನೆ ಬರಬೇಕು. ಇಡೀ ಗುಡ್ಡ ಬಂದ್ರೆ ಎಲ್ಲರ ಕಾಲೂ ಮುರಿದಿರಲ್ವಲ್ಲ. ಹಂಗೆ ಬಂದೋರನ್ನ ಯಾರ್ದು ಏನು ಮುರಿದಿದೆ ಅಂತ ನಾವು ಕೇಳೋದೂ ಇಲ್ಲ. ಈ ವರ್ಷದ ಪಟ್ಟಿ ತಿಂಗಳ ಕೊನೇ ದಿನ ಸಂಜೆ ಮುಚ್ಚುತ್ತೆ, ಮಾರನೇ ದಿನದಿಂದ ಜಾರಿ. ಅಂದಹಾಗೆ ಕಳೆದ ವರ್ಷ ನಿಮ್ಮ ಗುಡ್ಡಕ್ಕೆ ನಾನೇ ಬಂದಿದ್ದೆನಲ್ಲ. ಯಾರೋ ಒಬ್ಬ ದಪ್ಪ ಹೆಂಗಸು ನನ್ನನ್ನ ಓಡಿಸಿದಳು."

ಕೆಬಿರುಂಗಿ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ಓಡಿಸಿದವಳು ಅವಳೇ. ಕಾಯಿಲೆಗೆ ಮುಂಗಡ ಕೊಡುವುದೆಂದರೆ ಕಾಯಿಲೆಯನ್ನು ಕರೆದು ಮಣೆ ಹಾಕಿ ಕೂರಿಸಿದ ಹಾಗೆ ಎಂದು ಸಭೆಯಲ್ಲಿ ಎದ್ದು ನಿಂತು ಕೂಗಿದ್ದಳು. ಇಡೀ ಗುಡ್ಡ ಚಪ್ಪಾಳೆ ತಟ್ಟಿತ್ತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳ ಅಂಗಳದಲ್ಲಿ ಸಂಘ ಸೇರಿತು. ಮುಖ್ಯಸ್ಥ ಕಟಬಾಜಿ, ತೀರಿಹೋದ ಗಂಡನ ಅಣ್ಣ, ಕೊಂಬನ್ನು ಕಂಕುಳಲ್ಲಿ ಇಟ್ಟುಕೊಂಡು ನಡುವೆ ಕೂತ. ಒಣಗಿದ ಆಳು, ಅರವತ್ತು ದಾಟಿತ್ತು. ಅವನ ಅಜ್ಜ ಕಟ್ಟಿದ ಸಂಘ ಅದು. ಅದರ ಮಾತು ಬಂದರೆ ಅವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಕೆಬಿರುಂಗಿ ಚಾಪೆಯ ಮೇಲೆ ಕಾಲು ಚಾಚಿಕೊಂಡು, ಮಾನ ಮರ್ಯಾದೆ ಪಕ್ಕಕ್ಕಿಟ್ಟು, ಎಲ್ಲರೂ ವಿಮೆಗೆ ಸೇರಿ ಎಂದು ಕೇಳಿದಳು.

ಅಂಗಳವೇ ನಕ್ಕಿತು.

"ದೊಡ್ಡಮ್ಮಾ, ಕಾಯಿಲೆಗೆ ಮಣೆ ಹಾಕ್ಬೇಕಾ ಈಗ?" ಎಂದ ಬಗಾಂಬೆ. ಗುಡ್ಡದಲ್ಲೇ ಎತ್ತರದ ಹೊರೆಯಾಳು ಅವನು. ಅವನ ನಾಲಿಗೆಯೂ ಅಷ್ಟೇ ಉದ್ದ.

"ಹಾಕ್ಬೇಕು ಕಣೋ. ಬಂದು ಕೂತಾಗಿದೆ, ನಿಲ್ಲಿಸಿ ಮಾತಾಡ್ಸೋಕಾಗುತ್ತಾ? ಹೋದ ವರ್ಷ ನಾನು ಆಡಿದ್ದು ದಡ್ಡ ಮಾತು. ಆಯ್ತಾ? ಇನ್ನೂ ಜೋರಾಗಿ ಹೇಳ್ಲಾ?"

"ನಿನ್ನ ಒಂದು ಕಾಲಿಗೆ ಗುಡ್ಡವೇ ದುಡ್ಡು ಕೊಡ್ಬೇಕಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಕಟಬಾಜಿ ಕೈ ಎತ್ತಿ ಸುಮ್ಮನಾಗಿಸಿದ. "ನೋಡಮ್ಮ ಕೆಬಿರುಂಗಿ. ನಮ್ಮಜ್ಜನ ಕಾಲದಿಂದ ನಾವು ಹೆಗಲು ಕೊಟ್ಟು ಬದುಕಿದ್ದೀವಿ. ಕಾಗದ ಕೊಟ್ಟಲ್ಲ. ಕಾಗದ ಬಂದ ದಿನ ಹೆಗಲು ಯಾಕೆ ಬೇಕು ಅಂತಾರೆ. ಸಂಘ ಮುರಿಯುತ್ತೆ. ನಾನು ಬದುಕಿರೋವರೆಗೆ ಬೇಡ."

"ಸರಿ ಭಾವ," ಎಂದಳು ಅವಳು. "ಹೆಗಲು ಕೊಡೋ ನಿಯಮ ಹಾಗೇ ಇದೆಯಲ್ಲ?"

"ಇದೆ."

"ರೋಗಿ ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ ಒಯ್ಯಲೇಬೇಕು. ಎಷ್ಟು ಸಲ ಅಂತ ಲೆಕ್ಕ ಇಲ್ಲ. ಅಲ್ವಾ?"

"ಲೆಕ್ಕ ಯಾಕಮ್ಮ? ಎಷ್ಟು ಸಲ ಬೇಕಾದ್ರೂ," ಎಂದು ಕಟಬಾಜಿ ಹೆಮ್ಮೆಯಿಂದಲೇ ಹೇಳಿದ. ಆ ಮಾತು ಬಾಯಿಂದ ಬಿದ್ದ ಮೇಲೆ ಅವನ ಮುಖ ಸ್ವಲ್ಪ ಬದಲಾಯಿತು.

"ಡಾಕ್ಟರು ಮೂರು ದಿನಕ್ಕೊಂದ್ಸಲ ಬಾ ಅಂದಿದ್ದಾರೆ," ಎಂದಳು ಕೆಬಿರುಂಗಿ. "ನಿಮಗೆಲ್ಲ ಆಲೂಗಡ್ಡೆ ಕೀಳೋ ಕಾಲ, ತೊಂದರೆ ಕೊಡೋದು ಬೇಡ, ಮನೇಲೇ ತೊಳ್ಕೊಳ್ಳೋಣ ಅಂದ್ಕೊಂಡಿದ್ದೆ. ಈಗ ಹೋಗೋಣ ಅನ್ನಿಸ್ತಾ ಇದೆ. ನಾಳೆ ಬೆಳಗ್ಗೆ ಬನ್ನಿ."

ಮಾರನೇ ದಿನದಿಂದ ಶುರುವಾಯಿತು ನೋಡಿ ರುಕೊರೆಯ ಗಂಡಸರ ಗ್ರಹಚಾರ. ಇಳಿಯುವುದು ಎರಡು ಗಂಟೆ, ಹತ್ತುವುದು ಮೂರೂವರೆ. ನಡುವೆ ನರ್ಸಮ್ಮ ಗಾಯ ತೊಳೆಯುವವರೆಗೆ ಕಾಯುವುದು. ಒಂದು ಇಡೀ ದಿನ ಮಣ್ಣುಪಾಲು. ಹೊಲದಲ್ಲಿ ಆಲೂಗಡ್ಡೆ ಕೊಳೆಯುತ್ತಿದ್ದರೆ ಹೆಗಲ ಮೇಲೆ ಕೆಬಿರುಂಗಿ. ಅವಳು ಸುಮ್ಮನೆ ಮಲಗಿದ್ದರೂ ಆಗುತ್ತಿತ್ತು. ಆದರೆ ಬುಟ್ಟಿಯೊಳಗಿಂದ ದಾರಿಯುದ್ದಕ್ಕೂ ಮೇಸ್ತ್ರಿಕೆ ಮಾಡುತ್ತಿದ್ದಳು.

"ಬಗಾಂಬೆ, ನೀನು ಒಂಟೆ ಥರ ನಡೀಬೇಡ ಕಣೋ. ನಿನ್ನ ಕಡೆ ಬುಟ್ಟಿ ಆಕಾಶಕ್ಕೆ ಹೋಗಿದೆ, ನಾನು ಜಾರ್ತಾ ಇದ್ದೀನಿ."

"ದೊಡ್ಡಮ್ಮಾ, ನಿಜ ಹೇಳು. ಕಂಬಳಿ ಕೆಳಗೆ ಕಲ್ಲು ಇಟ್ಕೊಂಡಿದ್ದೀಯಾ?"

ಪಕ್ಕದಲ್ಲಿ ಬುತ್ತಿ ಹೊತ್ತು ಬರುತ್ತಿದ್ದ ಕ್ಯಾರಿಸೀಮ ಕಂಬಳಿ ಎತ್ತಿ ತೋರಿಸಿದಳು. "ನೋಡ್ಕೊ. ಒಂದು ಕಲ್ಲೂ ಇಲ್ಲ. ಎಲ್ಲಾ ಅಕ್ಕಂದೇ."

ನಗುವುದಕ್ಕೂ ಅವರಿಗೆ ಉಸಿರಿರಲಿಲ್ಲ.

ಪ್ರತಿ ಸಲವೂ ವಾಪಸ್ಸು ಹೊರಡುವ ಮುಂಚೆ ಅವಳು ಎಂಗೋಜಿಯನ್ನು ವಿಮೆಯ ಕಿಟಕಿಯ ಮುಂದೆ ಇಳಿಸಲು ಹೇಳುತ್ತಿದ್ದಳು. ಬೇರೇನೂ ಹೇಳುತ್ತಿರಲಿಲ್ಲ. ಎಂಟು ಗಂಡಸರು ಹೆಗಲು ಉಜ್ಜಿಕೊಳ್ಳುತ್ತ ನೆಲಕ್ಕೆ ಕೂತಿರುವಾಗ, "ಕರುಹಿಜೆ, ಅಪ್ಪಾ, ಸರಳು ಹಾಕಿದ್ರೆ ಎಷ್ಟು ದಿನಕ್ಕೆ ನಡೀತಾರಂತೆ?" ಎಂದು ಕೇಳುತ್ತಿದ್ದಳು.

"ನಾಲ್ಕೈದು ತಿಂಗಳಿಗೆ, ತಾಯಿ."

"ಹಾಕದೇ ಇದ್ರೆ?"

"ಜೀವನಪೂರ್ತಿ ಯಾರಾದ್ರೂ ಹೊತ್ಕೊಂಡು ತಿರುಗಬೇಕು."

ಎಂಟು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಇದೆಲ್ಲ ಕೇಳಿ ಅವಳಿಗೆ ಸುಖವಾಗಿತ್ತು ಎಂದು ತಿಳಿಯಬೇಡಿ. ಬುಟ್ಟಿ ಕುಲುಕಿದಾಗಲೆಲ್ಲ ಮುರಿದ ಎಲುಬಿನ ತುದಿಗಳು ಒಂದಕ್ಕೊಂದು ಉಜ್ಜಿ ಅವಳಿಗೆ ಜೀವ ಹೋಗಿ ಬರುತ್ತಿತ್ತು. ಅವಳು ಗಲಗಲ ಮಾತಾಡುತ್ತಿದ್ದದ್ದೇ ಅಳು ಕೇಳಿಸದಿರಲಿ ಎಂದು. ಮಾತೂ ಆಗದಾಗ ಬಟ್ಟೆ ಕಚ್ಚುತ್ತಿದ್ದಳು. ಹೊರುವವರಿಗೆ ಸರದಿಯಿತ್ತು, ನಡುವೆ ಬಿಡುವಿತ್ತು. ಅವಳಿಗೆ ಪ್ರತಿ ಸಲವೂ ಸರದಿಯೇ. ಮನೆ ಸೇರಿದ ಮೇಲೆ ಕ್ಯಾರಿಸೀಮ ಅವಳ ಬಾಯಿಂದ ಕಚ್ಚಿ ಹರಿದ ಬಟ್ಟೆಯ ಚೂರು ತೆಗೆಯುತ್ತ, "ಸಾಕು ಬಿಡಕ್ಕ, ನೀನು ಸತ್ರೆ ನಾನು ಯಾರ ಜೊತೆ ಜಗಳ ಆಡ್ಲಿ?" ಎಂದು ಬೈದಳು. ಕೆಬಿರುಂಗಿ ಕಣ್ಣು ಒರೆಸಿಕೊಂಡು, "ಬೀನ್ಸ್ ಬೇಯ್ಸು ಹೋಗು, ಜಾಸ್ತಿನೇ ಹಾಕು. ತೂಕ ಇಳಿಬಾರ್ದು," ಎಂದಳು.

ಮೂರನೇ ಪ್ರಯಾಣದ ದಿನ ಬಗಾಂಬೆ ಕಿಟಕಿಯ ಮುಂದೆ ಎದ್ದು ನಿಂತ. "ಬರೀರಿ ಸ್ವಾಮಿ, ಬಗಾಂಬೆ, ಒಂದು ಮನೆ. ಕಾಯಿಲೆ ಬಂದ್ರೆ ಬರ್ಲಿ, ಹೆಗಲು ಉಳಿದ್ರೆ ಸಾಕು." ಅವನ ಹಿಂದೆ ಇನ್ನಿಬ್ಬರು ನಿಂತರು. ಐದನೇ ಸಲ ಆ ದಿನದ ಎಂಟೂ ಜನ ಬೆರಳೊತ್ತಿದರು. ಈ ನಡುವೆ ಕ್ಯಾರಿಸೀಮ ನೀರು ತರುವ ದಾರಿಯಲ್ಲಿ ತನ್ನ ಕೆಲಸ ನಡೆಸಿದ್ದಳು. ಹೆಂಗಸರಿಗೆ ಅವಳು ಹೆಚ್ಚೇನೂ ಹೇಳಬೇಕಾಗಿರಲಿಲ್ಲ. ಗುಡ್ಡದ ಅರ್ಧ ಹೆಂಗಸರು ಹೆರಿಗೆ ನೋವಿನಲ್ಲಿ ಆ ಬುಟ್ಟಿಯಲ್ಲಿ ಕುಲುಕಿಕೊಂಡು ಹೋದವರೇ. ಸಂಜೆ ನಡು ಹಿಡಿದುಕೊಂಡು ಬಂದ ಗಂಡಂದಿರಿಗೆ ಬಿಸಿನೀರು ಕಾಯಿಸಿ ಕೊಡುತ್ತ, "ಒಂದು ಬುಟ್ಟಿ ಆಲೂಗಡ್ಡೆ ಮಾರಿದ್ರೆ ವಿಮೆ ದುಡ್ಡು ಮುಗೀತಲ್ಲ, ಮಾರಾಯ?" ಎಂದರು. ಬಿಸಿನೀರು ಕೊಡುವ ಕೈಗೆ ಎದುರು ಹೇಳುವ ಗಂಡಸು ಕಡಿಮೆ.

ಹೀಗೆ ತಿಂಗಳ ಕೊನೆಯ ದಿನ ಬಂದಾಗ ಮೂವತ್ತೈದು ಮನೆ ಸೇರಿದ್ದವು. ಬೇಕಾದದ್ದು ಮೂವತ್ತಾರು. ಉಳಿದ ಹದಿಮೂರು ಮನೆಯವರು ಕಟಬಾಜಿಯ ಮುಖ ನೋಡಿಕೊಂಡು ಕೂತಿದ್ದರು. ಮುಖ್ಯಸ್ಥ ಹೂಂ ಎಂದರೆ ಅವರೂ ಹೂಂ, ಇಲ್ಲದಿದ್ದರೆ ಇಲ್ಲ. ಕಟಬಾಜಿ ಮಾತ್ರ ಎಂಟು ಪ್ರಯಾಣದಲ್ಲೂ ಕೊಂಬು ಹಿಡಿದು ಮುಂದೆ ಮುಂದೆ ನಡೆದಿದ್ದ, ಕಿಟಕಿಯ ಕಡೆ ತಿರುಗಿಯೂ ನೋಡಿರಲಿಲ್ಲ.

ಆ ದಿನ ಬೆಳಗಿನಿಂದ ಹಿಡಿದ ಮಳೆ ನಿಂತು ಹೊರಡುವಾಗ ಮಧ್ಯಾಹ್ನ ದಾಟಿತ್ತು. ಸರದಿಯಲ್ಲಿ ಅವನ ಮನೆಯೂ ಇತ್ತು. ಅವನ ಪರವಾಗಿ ಹೊರುತ್ತಿದ್ದದ್ದು ಅವನ ಅಳಿಯ. ಅಳಿಯ ಜ್ವರದಿಂದ ಮಲಗಿದ್ದ. ಎಂಗೋಜಿಯ ಗಳದ ನಾಲ್ಕನೇ ತುದಿ ಖಾಲಿ ಉಳಿಯಿತು.

ಜೊತೆಗೆ ಓಡುವ ಸರದಿಯಲ್ಲಿದ್ದ ಬಗಾಂಬೆ, "ಬಿಡಿ ದೊಡ್ಡಪ್ಪ, ನಾನೇ ಎರಡು ಸರದಿ ಹೊರ್ತೀನಿ," ಎಂದ.

"ಬೇಡ," ಎಂದ ಕಟಬಾಜಿ. ಕೊಂಬನ್ನು ಕ್ಯಾರಿಸೀಮಳ ಕೈಗೆ ಕೊಟ್ಟು, ಅಂಗಿ ಬಿಚ್ಚಿ ಹೆಗಲಿಗೆ ಮಡಚಿಟ್ಟುಕೊಂಡು ಬಗ್ಗಿದ. "ನಿಯಮ ನನ್ನ ಮನೆಗೂ ಒಂದೇ."

ಹತ್ತು ವರ್ಷದಿಂದ ಗಳ ಮುಟ್ಟದ ಹೆಗಲು ಅದು. ಮೊದಲ ಇಳಿಜಾರಿನಲ್ಲೇ ಅವನು ಗಳವನ್ನು ಎರಡು ಕೈಯಲ್ಲೂ ಅವುಚಿಕೊಳ್ಳಬೇಕಾಯಿತು. ಆದರೂ ಬದಲಾಯಿಸಲು ಬಿಡಲಿಲ್ಲ. ಬುಟ್ಟಿಯೊಳಗೆ ಕೆಬಿರುಂಗಿಗೆ ಅವನ ಏದುಸಿರು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಆ ದಿನ ಅವಳು ಮೇಸ್ತ್ರಿಕೆ ಮಾಡಲಿಲ್ಲ. ಅರ್ಧ ದಾರಿಯಲ್ಲಿ, ನೀಲಗಿರಿ ಮರಗಳ ಕೆಳಗೆ, ಅವನ ಕಾಲು ಜಾರಿತು. ಉಳಿದವರು ಹಿಡಿದುಕೊಂಡು ಎಂಗೋಜಿಯನ್ನು ಮೆಲ್ಲಗೆ ಇಳಿಸಿದರು. ಕಟಬಾಜಿ ಅಲ್ಲೇ ಕುಸಿದು ಕೂತ.

"ಭಾವ," ಎಂದಳು ಕೆಬಿರುಂಗಿ. "ನಿನ್ನ ತಮ್ಮನ್ನೂ ಇಲ್ಲೇ ಇಳಿಸಿದ್ರಲ್ಲ."

ಅವನು ಹೆಗಲ ಮೇಲಿನ ಅಂಗಿ ತೆಗೆದು ಮುಖ ಒರೆಸಿಕೊಂಡ.

"ಹೊಟ್ಟೆ ನೋವು ಅಂತ ಇಳಿಸ್ಕೊಂಡು ಹೋದ್ರಿ. ಎಷ್ಟು ಬೇಗ ಓಡಿದ್ರಿ! ಅಷ್ಟು ಬೇಗ ಈ ಗುಡ್ಡ ಯಾರೂ ಇಳಿದಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಕೊಯ್ಯೋಕೆ ಎಷ್ಟು ಆಗುತ್ತೆ ಅಂತ ಹೇಳಿದ್ರು. ಹಸು ಮಾರಿ ಬರೋಣ ಅಂತ ವಾಪಸ್ ಹೊತ್ಕೊಂಡು ಬಂದ್ರಿ. ಹಸುವಿನ ಹಗ್ಗ ಬಿಚ್ಚೋದ್ರೊಳಗೆ ಅವರು ಹೋಗಿಬಿಟ್ರು."

"ನಾನು ಬೇಗ ನಡೆಸಿದ್ದೆ," ಎಂದ ಕಟಬಾಜಿ. "ಕೊಂಬು ಊದ್ತಾ ಓಡಿದ್ದೆ. ಹೆಗಲಲ್ಲಿ ಏನೂ ಕಮ್ಮಿ ಮಾಡ್ಲಿಲ್ಲ ನಾವು."

"ಮಾಡ್ಲಿಲ್ಲ ಭಾವ. ನಿಮ್ಮ ಹೆಗಲಿಗೆ ನಾನು ಯಾವತ್ತೂ ದೂರು ಹೇಳಲ್ಲ. ಆದರೆ ಹೆಗಲು ಬಾಗಿಲವರೆಗೆ. ಅಲ್ಲಿಂದ ಒಳಕ್ಕೆ ಹೊರೋಕೆ ಆ ಕಾಗದ ಬೇಕು. ಕಾಗದ ಈ ಗುಡ್ಡ ಇಳಿಸಲ್ಲ, ಹೆಗಲು ಆ ಬಾಗಿಲು ದಾಟಿಸಲ್ಲ. ಎರಡೂ ಬೇಕು. ನಂಗೂ ಆ ಬಾಗಿಲು ನೆನೆಸ್ಕೊಳ್ಳೋಕೇ ಇಷ್ಟ ಇರ್ಲಿಲ್ಲ. ಅದಕ್ಕೇ ಹೋದ ವರ್ಷ ಅಷ್ಟು ಬಾಯಿ ಮಾಡ್ದೆ."

ಉಳಿದ ಏಳು ಜನರೂ ಗಾಳಿಗೆ ಕಿವಿಗೊಟ್ಟವರ ಹಾಗೆ ಬೇರೆ ಕಡೆ ನೋಡುತ್ತ ನಿಂತರು. ಕೊನೆಗೆ ಕಟಬಾಜಿ ಮಂಡಿಗೆ ಕೈ ಕೊಟ್ಟು ಎದ್ದ.

"ಏನು ನಿಂತಿದ್ದೀರಿ? ಸಂಜೆಗೆ ಕಿಟಕಿ ಮುಚ್ಚುತ್ತೆ," ಎಂದ. "ಎತ್ತಿ!"

ಆಮೇಲೆ ಆ ಗುಡ್ಡ ಇಳಿದ ಪರಿ ಏನೆಂದು ಹೇಳಲಿ! ಬಗಾಂಬೆ ಹಾಡು ಎತ್ತಿದ, ಉಳಿದವರು ದನಿಗೂಡಿಸಿದರು, ಕ್ಯಾರಿಸೀಮ ಜೀವಮಾನದಲ್ಲಿ ಮೊದಲ ಸಲ ಕೊಂಬು ಊದಿದಳು, ಅದು ಕೋಣ ಕೆಮ್ಮಿದ ಹಾಗೆ ಕೇಳಿಸಿತು. ಕೆಬಿರುಂಗಿ ನೋವಿಗೆ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಈ ಸಲ ಬಾಯಿಗೆ ಬಟ್ಟೆ ಕೊಡಲಿಲ್ಲ, ಬಾಯಿ ಬಿಟ್ಟು ಕೂಗಿಕೊಂಡಳು.

ಕರುಹಿಜೆ ಕಿಟಕಿಯ ಹಲಗೆ ಇಳಿಸುತ್ತಿದ್ದ. ಕಟಬಾಜಿ ಅದರ ಕೆಳಗೆ ಕೈ ತೂರಿಸಿದ.

"ಕಟಬಾಜಿ, ಒಂದು ಮನೆ," ಎಂದ. "ಉಳಿದ ಹನ್ನೆರಡೂ ಬರುತ್ತೆ. ನಾಳೆ ನಾನೇ ಕರ್ಕೊಂಡು ಬರ್ತೀನಿ."

"ನಾಳೆ ಬಂದ್ರೆ ಮುಂದಿನ ವರ್ಷಕ್ಕೆ," ಎಂದ ಕರುಹಿಜೆ, ಶಾಯಿಯ ಡಬ್ಬಿ ಮುಂದಕ್ಕೆ ತಳ್ಳುತ್ತ. "ಆದರೆ ಮೂವತ್ತಾರು ಆಯ್ತಲ್ಲ ಹಿರಿಯರೇ. ಸೇರಿದ ಮನೆಗೆಲ್ಲ ಬೆಳಗ್ಗೆಯಿಂದ ಜಾರಿ." ಅವನು ಪುಸ್ತಕ ತಿರುಗಿಸಿ, ಕಟಬಾಜಿಯ ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿಸಿದ. ಆಮೇಲೆ ಕಿಟಕಿಯಿಂದ ಬಗ್ಗಿ ಕೆಬಿರುಂಗಿಗೆ, "ಒಳಗೆ ಹೋಗಿ ಮಲ್ಕೊಳ್ಳಿ ತಾಯಿ. ನಾಳೆ ಮೊದಲ ಹೆಸರು ನಿಮ್ಮದೇ," ಎಂದ.

ಸರಳು ಸರಿಯಾಗಿ ಕೂತಿತು, ಮೂಳೆ ಕೂಡಿತು, ಮುಂದಿನ ಆಲೂಗಡ್ಡೆಯ ಹೊತ್ತಿಗೆ ಅವಳು ಹನ್ನೊಂದನೇ ಪಟ್ಟಿಯ ಮೇಲೆ ನಿಂತು ಕ್ಯಾರಿಸೀಮಳ ಜೊತೆ ಜಗಳವಾಡುತ್ತಿದ್ದಳು. ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ಗುಡ್ಡದವರು ಇವತ್ತಿಗೂ ಮೈದುಂಬಿ ಹೇಳಿಕೊಳ್ಳುವುದು ಆ ಸಂಜೆಯದನ್ನು.

ಆಸ್ಪತ್ರೆಯ ಬಾಗಿಲಿಗೆ ಇಬ್ಬರು ಆಳುಗಳು ಗಾಲಿಯ ಮಂಚ ತಳ್ಳಿಕೊಂಡು ಬಂದರು. ಅಲ್ಲಿಂದ ಮುಂದೆ ಹೊರುವವರು ಹೋಗುವ ಪದ್ಧತಿ ಇಲ್ಲ.

"ಇಳಿಸಿ ಇಲ್ಲಿ," ಎಂದರು.

ಕಟಬಾಜಿ ಗಳದ ಮುಂದಿನ ತುದಿ ಹಿಡಿದಿದ್ದ. ಒಂಬತ್ತು ವರ್ಷದ ಹಿಂದೆ ತಮ್ಮನನ್ನು ಹೊತ್ತ ಬುಟ್ಟಿ ವಾಪಸ್ಸು ತಿರುಗಿದ್ದು ಅದೇ ಹೊಸ್ತಿಲಿನಿಂದ. ಅವನು ಆಳುಗಳ ಮುಖ ನೋಡಿದ, ಮಂಚ ನೋಡಿದ, ಗಳವನ್ನು ಹೆಗಲ ಮೇಲೆ ಇನ್ನಷ್ಟು ಭದ್ರವಾಗಿ ಕೂರಿಸಿಕೊಂಡ.

"ಸರೀರಪ್ಪ ಪಕ್ಕಕ್ಕೆ," ಎಂದ.

ಕೆಸರುಗಾಲಿನಲ್ಲೇ ಎಂಟು ಜನ ಒಳಗೆ ನುಗ್ಗಿದರು. ನರ್ಸಮ್ಮ ಬೈಯುತ್ತ ಹಿಂದೆ ಓಡಿಬಂದಳು, ಮಂಚಗಳ ಮೇಲಿನ ರೋಗಿಗಳು ಎದ್ದು ಕೂತರು, ಯಾರೋ ಚಪ್ಪಾಳೆ ತಟ್ಟಿದರು. ಕಟಬಾಜಿ ಅಳುತ್ತ, ಹಾಡುತ್ತ, ಉದ್ದನೆಯ ಕೋಣೆಯ ಕೊನೆಯ ಮಂಚದವರೆಗೂ ನಡೆದ. ಅಲ್ಲಿ ಕೆಬಿರುಂಗಿಯನ್ನು ತನ್ನ ಕೈಯಾರೆ ಇಳಿಸಿ, ಕಂಬಳಿ ಸರಿಮಾಡಿ, "ಒಳಗೆ ಬಂದ್ವಿ ಕಣಮ್ಮ," ಎಂದ.